ಬಂದದ್ದು ಮೂರಕ್ಕೆ, ಕೇಸ್ ಶೀಟಿನಲ್ಲಿ ಒಂದಕ್ಕೆ

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಶುಶ್ರೂಷಾಧಿಕಾರಿ. ಆರು ವರ್ಷ ಗುತ್ತಿಗೆಯಲ್ಲಿ ದುಡಿದು, ಈಗ ಒಂಬತ್ತು ವರ್ಷದಿಂದ ಕಾಯಂ ಆಗಿದ್ದೇನೆ. ಎರಡು ವರ್ಷದ ಹಿಂದೆ ಬಂದ ನಮ್ಮ ಆಡಳಿತ ವೈದ್ಯಾಧಿಕಾರಿಗಳು ರೌಂಡ್ಸಿಗೆ ಬಂದರೆ ವಾರ್ಡೇ ಉಸಿರು ಬಿಗಿಹಿಡಿಯುತ್ತದೆ. ಬಾಣಂತಿಯರ, ಅವರ ಮನೆಯವರ ಎದುರಿಗೇ ಏಕವಚನದಲ್ಲಿ ಬೈಯುತ್ತಾರೆ. ಹತ್ತು ನಿಮಿಷ ತಡವಾದರೆ ಮೆಮೋ. ಎದುರು ಮಾತನಾಡಿದ ಫಾರ್ಮಸಿಯವರೊಬ್ಬರನ್ನು ಘಟ್ಟದ ಕಡೆಗೆ ನಿಯೋಜನೆಯ ಮೇಲೆ ಕಳುಹಿಸಿದರು. ಕಳೆದ ತಿಂಗಳು ಒಂದು ರಾತ್ರಿ ಚೊಚ್ಚಲ ಹೆರಿಗೆಯೊಂದು ನಿಧಾನವಾಯಿತು. ಒಂದು ಗಂಟೆಗೆ ವೈದ್ಯರಿಗೆ ಕರೆ ಹೋಯಿತು, ಅವರು ಬಂದದ್ದು ಮೂರಕ್ಕೆ. ಮಗು ಅಳಲಿಲ್ಲ. ಹಾಸನಕ್ಕೆ ಕಳುಹಿಸಿದೆವು, ಬದುಕಿತು. ಬೆಳಿಗ್ಗೆ ಸಾಹೇಬರು ಕರೆದು, ವೈದ್ಯರು ಒಂದು ಗಂಟೆ ಹತ್ತು ನಿಮಿಷಕ್ಕೆ ಬಂದರೆಂದು ಬರೆಯಿರಿ ಎಂದರು. ಗುತ್ತಿಗೆಯಲ್ಲಿರುವ ನನ್ನ ಕಿರಿಯ ಸಹೋದ್ಯೋಗಿ ಬರೆದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಏನೂ ಹೇಳಲಿಲ್ಲ. ಎಲ್ಲರಿಗೂ ಗೊತ್ತು, ಯಾರೂ ಮಾತನಾಡುವುದಿಲ್ಲ. ಇಬ್ಬರು ಮಕ್ಕಳು, ಮನೆ ಸಾಲ ಇದೆ, ಸುಮ್ಮನಿರು ಎನ್ನುತ್ತಾರೆ ನನ್ನ ಯಜಮಾನರು. ನನಗೆ ನಿದ್ದೆ ಬರುತ್ತಿಲ್ಲ. ನಾನು ಹೇಡಿಯೇ? ಈಗ ಏನು ಮಾಡಲಿ?

ಉತ್ತರ: ಸಿಸ್ಟರ್, ನಾನು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ 29 ವರ್ಷ ಸರ್ಕಾರಿ ವೈದ್ಯನಾಗಿದ್ದವನು. ಅದರಲ್ಲಿ ಹತ್ತು ವರ್ಷ ನಿಮ್ಮ ಸಾಹೇಬರು ಕುಳಿತಿರುವಂಥ ಕುರ್ಚಿಯಲ್ಲೇ ಕುಳಿತಿದ್ದೆ. ಬೈಸಿಕೊಂಡೂ ಗೊತ್ತು, ಬೈದೂ ಗೊತ್ತು. ಆ ಎರಡೂ ಅನುಭವದಿಂದ ಉತ್ತರ ಬರೆಯುತ್ತಿದ್ದೇನೆ.

ಮೊದಲು, ಹೇಡಿಯೇ ಎಂಬ ನಿಮ್ಮ ಪ್ರಶ್ನೆ. ಇಲ್ಲ, ನೀವು ಹೇಡಿಯಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡವರಲ್ಲಿ ಹೆಚ್ಚಿನವರು ಲೆಕ್ಕ ಹಾಕಿಯೇ ಮುಚ್ಚಿಕೊಂಡಿರುತ್ತಾರೆ. ಮಾತನಾಡಿದ ಫಾರ್ಮಸಿಯವರು ಎಲ್ಲಿಗೆ ಹೋದರು ಎಂಬುದನ್ನು ನಿಮ್ಮ ಆಸ್ಪತ್ರೆಯ ಪ್ರತಿಯೊಬ್ಬರೂ ನೋಡಿದ್ದಾರೆ. ಅವರ ಮಾತಿನಿಂದ ಏನಾದರೂ ಬದಲಾಯಿತೇ ಎಂಬುದನ್ನೂ ನೋಡಿದ್ದಾರೆ. ಬೆಲೆ ದೊಡ್ಡದು, ಫಲ ಶೂನ್ಯ ಎಂದಾದಾಗ ಬುದ್ಧಿಯಿರುವ ಯಾರೇ ಆದರೂ ಸುಮ್ಮನಾಗುತ್ತಾರೆ. ಹಾಗಾಗಿ ಧೈರ್ಯ ತಂದುಕೊಳ್ಳಿ ಎಂದು ನಿಮಗೆ ಉಪದೇಶ ಮಾಡುವುದಿಲ್ಲ. ಮಾತಿನ ಬೆಲೆಯನ್ನು ಕಡಿಮೆ ಮಾಡುವುದು ಹೇಗೆ, ಅದರಿಂದ ಏನಾದರೂ ಆಗುವಂತೆ ಮಾಡುವುದು ಹೇಗೆ ಎಂಬುದನ್ನು ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ಅಧಿಕಾರಿ ನಿಮ್ಮನ್ನೆಲ್ಲ ನಡೆಸಿಕೊಳ್ಳುವ ರೀತಿ. ಇನ್ನೊಂದು, ಕೇಸ್ ಶೀಟಿನಲ್ಲಿ ಬದಲಾದ ಆ ಸಮಯ. ಇವೆರಡನ್ನೂ ಒಂದೇ ಅರ್ಜಿಯಲ್ಲಿ ಕಟ್ಟಿದರೆ ಎರಡೂ ಮುಳುಗುತ್ತವೆ. ‘ಸಿಸ್ಟರಿಗೂ ಸಾಹೇಬರಿಗೂ ಆಗಿಬರುವುದಿಲ್ಲ, ಅದಕ್ಕೇ ಈ ದೂರು’ ಎಂಬ ಒಂದು ಮಾತಿನಲ್ಲಿ ಕಡತ ಮುಚ್ಚಿಹೋಗುತ್ತದೆ. ಹಾಗೆ ಮುಚ್ಚಿದ ಕಡತಗಳನ್ನು ನನ್ನ ಸೇವೆಯಲ್ಲಿ ಹಲವು ಬಾರಿ ಕಂಡಿದ್ದೇನೆ. ಎರಡನ್ನೂ ಬಿಡಿಸಿ ಇಡೋಣ.

ಕೇಸ್ ಶೀಟಿನದ್ದು ಅವಸರದ ವಿಷಯ. ಬರೆಸಿದವರು ಯಾರೇ ಆಗಿರಲಿ, ಬರೆದ ಕೈಬರಹ ನಿಮ್ಮ ಕಿರಿಯ ಸಹೋದ್ಯೋಗಿಯದು, ಸಹಿಯೂ ಅವಳದೇ. ನಾಳೆ ಆ ಮಗುವಿನ ತಂದೆ ವಕೀಲರ ಬಳಿ ಹೋದರೆ, ಅಥವಾ ಇಲಾಖೆಯೇ ವಿಚಾರಣೆಗೆ ಬಂದರೆ, ‘ಸಾಹೇಬರು ಹೇಳಿದರು’ ಎಂಬ ಮಾತಿಗೆ ಸಾಕ್ಷಿ ಇರುವುದಿಲ್ಲ. ಸಾರ್ವಜನಿಕ ಸೇವಕರು ಬೇಕೆಂದೇ ತಪ್ಪು ದಾಖಲೆ ಸೃಷ್ಟಿಸುವುದು ಕ್ರಿಮಿನಲ್ ಅಪರಾಧವೂ ಆಗಬಹುದು. ಶುಶ್ರೂಷಾ ಪರಿಷತ್ತಿನ ನೋಂದಣಿಗೂ ಕುತ್ತು ಬರಬಹುದು.

ಇದಕ್ಕೆ ಒಂದು ನಿಜವಾದ ಉದಾಹರಣೆ ಇಂಗ್ಲೆಂಡಿನಲ್ಲಿದೆ. ಸ್ಟಾಫರ್ಡ್ ಎಂಬ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳನ್ನು ತುರ್ತು ವಿಭಾಗದಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಕಾಯಿಸಬಾರದೆಂಬ ಗುರಿ ಇತ್ತು. ಗುರಿ ಮುಟ್ಟದಿದ್ದಾಗ ಸಮಯವನ್ನೇ ತಿದ್ದಿ ಬರೆಯಲು ಕಿರಿಯ ಶುಶ್ರೂಷಕಿಯರಿಗೆ ಹೇಳಲಾಗುತ್ತಿತ್ತು. ಹೆಲೀನ್ ಡೊನೆಲಿ ಎಂಬ ಶುಶ್ರೂಷಕಿ ಇದನ್ನು ಲಿಖಿತವಾಗಿ ದೂರಿದರು. ಸಹೋದ್ಯೋಗಿಗಳಿಂದ ಬೆದರಿಕೆ ಬಂತು. ರಾತ್ರಿ ಪಾಳಿ ಮುಗಿಸಿ ಕತ್ತಲಲ್ಲಿ ಕಾರಿನ ತನಕ ಒಬ್ಬರೇ ನಡೆಯಲು ಹೆದರಿ ಮನೆಯವರನ್ನು ಕರೆಸಿಕೊಳ್ಳುತ್ತಿದ್ದೆ ಎಂದು ಆಮೇಲೆ ವಿಚಾರಣೆಯಲ್ಲಿ ಹೇಳಿದರು. ಆ ಆಸ್ಪತ್ರೆಯ ಬಗ್ಗೆ ನಡೆದ ಸಾರ್ವಜನಿಕ ವಿಚಾರಣೆಯ ವರದಿ 2013ರಲ್ಲಿ 290 ಶಿಫಾರಸುಗಳೊಂದಿಗೆ ಹೊರಬಂತು. ಅದೇ ವರ್ಷ, ದಾಖಲೆ ತಿದ್ದಿಸುತ್ತಿದ್ದ ಇಬ್ಬರು ಹಿರಿಯ ಶುಶ್ರೂಷಕಿಯರ ಹೆಸರನ್ನು ಅಲ್ಲಿನ ಪರಿಷತ್ತು ನೋಂದಣಿಯಿಂದ ತೆಗೆದುಹಾಕಿತು. ನೋಂದಣಿ ಹೋದದ್ದು ವಾರ್ಡಿನಲ್ಲಿ ನಿಂತವರದು ಎಂಬುದನ್ನು ಗಮನಿಸಿ.

ಆದ್ದರಿಂದ ಇವತ್ತಿನಿಂದ ಒಂದು ಗೆರೆ ಎಳೆದುಕೊಳ್ಳಿ: ಹಿಂದಿನ ಸಮಯ ಹಾಕಿ ನೀವು ಏನನ್ನೂ ಬರೆಯುವುದಿಲ್ಲ. ತಡವಾಗಿ ಬರೆಯಬೇಕಾಗಿ ಬಂದರೆ ‘ತಡವಾದ ನಮೂದು’ ಎಂದು ಮೊದಲೇ ಬರೆದು, ಬರೆಯುತ್ತಿರುವ ದಿನಾಂಕ, ಸಮಯ, ಘಟನೆ ನಡೆದ ಸಮಯ ಮೂರನ್ನೂ ಹಾಕಿ ಸಹಿ ಮಾಡಿ. ತಪ್ಪು ಬರೆದಿದ್ದರೆ ಒಂದೇ ಗೆರೆ ಎಳೆದು, ಕೆಳಗಿನ ಅಕ್ಷರ ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಿ. ಬಿಳಿ ಬಣ್ಣ ಬಳಿಯುವುದು, ಹಾಳೆ ಬದಲಿಸುವುದು ಬೇಡ. ಸಾಹೇಬರು ಬೇರೆ ರೀತಿ ಬರೆಯಲು ಹೇಳಿದರೆ ಜಗಳವಾಡಬೇಡಿ. ‘ಸರ್, ತಾವೇ ಕೇಸ್ ಶೀಟಿನಲ್ಲಿ ಬರೆದು ಸಹಿ ಹಾಕಿಬಿಡಿ, ನಾನು ಅದರಂತೆ ಮುಂದುವರಿಯುತ್ತೇನೆ’ ಎನ್ನಿ. ಈ ಒಂದು ವಾಕ್ಯ ಕೇಳಿದ ಮೇಲೆ ಪೆನ್ನು ಕೈಗೆ ತೆಗೆದುಕೊಂಡ ಅಧಿಕಾರಿಗಳನ್ನು ನಾನು ಬಹಳ ಕಡಿಮೆ ಕಂಡಿದ್ದೇನೆ.

ಆ ರಾತ್ರಿಯ ಮಟ್ಟಿಗೆ, ನಿಮ್ಮ ಕಣ್ಣಿಗೆ ಬಿದ್ದದ್ದನ್ನು ಮನೆಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾರು ಎಷ್ಟು ಗಂಟೆಗೆ ಕರೆ ಮಾಡಿದರು, ವೈದ್ಯರನ್ನು ಬರೆದು ಕರೆಸುವ ಕಾಲ್ ಬುಕ್ ಅವರ ಕ್ವಾರ್ಟರ್ಸಿಗೆ ಹೋಗಿತ್ತೇ, ಅದನ್ನು ಒಯ್ದವರು ಯಾರು, 108 ಬಂದದ್ದು ಯಾವಾಗ. ಮೊಬೈಲಿನ ಕರೆ ವಿವರ, ಆಂಬುಲೆನ್ಸ್ ದಾಖಲೆ, ಹಾಸನದಲ್ಲಿ ಮಗುವನ್ನು ದಾಖಲಿಸಿಕೊಂಡ ಸಮಯ, ಇವು ಯಾವುವನ್ನೂ ನಿಮ್ಮ ಆಸ್ಪತ್ರೆಯಲ್ಲಿ ಕುಳಿತು ತಿದ್ದಲು ಬರುವುದಿಲ್ಲ. ಆದರೆ ಕೇಸ್ ಶೀಟಿನ ಫೋಟೋ ತೆಗೆದು ವಾಟ್ಸ್‌ಆ್ಯಪಿನಲ್ಲಿ ಯಾರಿಗೂ ಕಳುಹಿಸಬೇಡಿ. ಅದು ಆ ತಾಯಿಯ ಖಾಸಗಿ ದಾಖಲೆ. ಅದನ್ನು ಹೊರಬಿಟ್ಟ ದಿನ ವಿಚಾರಣೆ ನಿಮ್ಮ ಮೇಲೆ ತಿರುಗುತ್ತದೆ. ರಿಜಿಸ್ಟರಿನ ಹೆಸರು, ಪುಟ ಸಂಖ್ಯೆ, ದಿನಾಂಕ ಗುರುತು ಹಾಕಿಕೊಂಡರೆ ಸಾಕು.

ಇನ್ನು, ನಮ್ಮ ಆಸ್ಪತ್ರೆಗಳಲ್ಲಿ ವರ್ಷಗಳಿಂದ ಓಡಾಡುತ್ತಿರುವ ಕೆಲವು ನಂಬಿಕೆಗಳು. ‘ಬೈಯುವವರಿದ್ದರೆ ಮಾತ್ರ ಸರ್ಕಾರಿ ಆಸ್ಪತ್ರೆ ನಡೆಯುತ್ತದೆ’ ಎಂಬುದು ಮೊದಲನೆಯದು. ಶಿಸ್ತಿಗೂ ದರ್ಪಕ್ಕೂ ವ್ಯತ್ಯಾಸವಿದೆ. ಶಿಸ್ತಿನ ಅಧಿಕಾರಿಯ ಸಿಟ್ಟು ಕೆಲಸದ ಮೇಲೆ ಇರುತ್ತದೆ, ತಜ್ಞ ವೈದ್ಯರಿಗೂ ಡಿ ಗ್ರೂಪಿನವರಿಗೂ ಒಂದೇ ಅಳತೆಯಲ್ಲಿರುತ್ತದೆ, ಮರುದಿನ ಅವರ ಬಳಿ ಹೋಗಿ ಕಷ್ಟ ಹೇಳಿಕೊಳ್ಳಬಹುದು. ದರ್ಪದ ಸಿಟ್ಟು ಎದುರಿಗಿರುವವರ ಹುದ್ದೆ, ಜಾತಿ, ಗುತ್ತಿಗೆ ನೋಡಿಕೊಂಡು ಏರಿಳಿಯುತ್ತದೆ. 1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸಿದರು. ಒಳ್ಳೆಯ ನಾಯಕತ್ವವಿದ್ದ ವಾರ್ಡುಗಳಲ್ಲಿ ತಪ್ಪು ಕಡಿಮೆ ಇರಬೇಕೆಂದು ಅವರ ಊಹೆ. ಲೆಕ್ಕ ನೋಡಿದರೆ ಅಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ವಾರ್ಡುಗಳಲ್ಲಿ ತಪ್ಪನ್ನು ಹೇಳಲು ಯಾರೂ ಹೆದರುತ್ತಿರಲಿಲ್ಲ, ಉಳಿದ ಕಡೆ ಹೆದರಿ ಮುಚ್ಚಿಡುತ್ತಿದ್ದರು ಎಂಬುದು ಅವರು ಕಂಡುಕೊಂಡ ಕಾರಣ.

ಇದನ್ನು ತಿಳಿಯಲು ನನಗೆ ಅಮೆರಿಕ ಬೇಕಾಗಲಿಲ್ಲ. ಘಟ್ಟದ ಅಂಚಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದಾಗ ಒಂದು ಆಷಾಢದಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಲಸಿಕೆ ಇಡುವ ಐಎಲ್ಆರ್ ಪೆಟ್ಟಿಗೆಯ ಉಷ್ಣಾಂಶ 2ರಿಂದ 8 ಡಿಗ್ರಿಯ ಒಳಗಿರಬೇಕು, ದಿನಕ್ಕೆ ಎರಡು ಸಲ ನೋಡಿ ಬರೆಯಬೇಕು. 11 ಡಿಗ್ರಿ ಆಗಿದೆ ಎಂದು ಬಂದು ಹೇಳಿದ ಆರೋಗ್ಯ ಸಹಾಯಕಿಯ ಮೇಲೆ ನಾನು ಹೊರರೋಗಿಗಳ ಸಾಲಿನ ಮುಂದೆಯೇ ಕೂಗಾಡಿದೆ. ‘ಇಷ್ಟು ಹೊತ್ತು ಏನು ನೋಡುತ್ತಿದ್ದಿರಿ’ ಎಂದೆ. ಅವರು ತಲೆ ತಗ್ಗಿಸಿ ಹೋದರು. ಮುಂದಿನ ತಿಂಗಳಿನಿಂದ ಆ ರಿಜಿಸ್ಟರಿನಲ್ಲಿ ಬೆಳಿಗ್ಗೆ 4, ಸಂಜೆ 4. ಮಳೆ ಬರಲಿ, ಕರೆಂಟ್ ಹೋಗಲಿ, 4. ತಿಂಗಳುಗಟ್ಟಲೆ ಅದನ್ನು ನೋಡಿ ನಾನು ಸಹಿ ಹಾಕಿದೆ, ಸಂತೋಷವೂ ಪಟ್ಟೆ. ತಪಾಸಣೆಗೆ ಬಂದವರು ಪೆಟ್ಟಿಗೆಯ ಮುಚ್ಚಳ ತೆರೆದಾಗ ಉಷ್ಣಮಾಪಕವೇ ಒಡೆದಿತ್ತು. ಲಸಿಕೆಗಳನ್ನೆಲ್ಲ ಎಸೆಯಬೇಕಾಯಿತು. ಅದಕ್ಕೂ ಮೊದಲು ಹಾಕಿದ ಲಸಿಕೆಗಳಲ್ಲಿ ಎಷ್ಟಕ್ಕೆ ಶಕ್ತಿ ಇತ್ತು ಎಂಬ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ. ಆ ರಿಜಿಸ್ಟರಿನ ಪ್ರತಿಯೊಂದು 4 ಅನ್ನು ಬರೆದ ಕೈ ಅವರದಾದರೂ ಬರೆಸಿದ ಬಾಯಿ ನನ್ನದು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಕಾಫಿ ಕೊಟ್ಟರು, ಆ ವಿಷಯ ಮಾತ್ರ ಎತ್ತಲಿಲ್ಲ. ಒಂದು ದಿನದ ಕೂಗಾಟಕ್ಕೆ ನಾನು ಪಡೆದ ಮೌನ ಅಷ್ಟು ಗಟ್ಟಿಯಾಗಿತ್ತು.

ಎರಡನೆಯ ನಂಬಿಕೆ, ‘ಒಂದು ಮೂಗರ್ಜಿ ಹಾಕಿದರೆ ಸಾಕು’. ಹೆಸರು, ವಿಳಾಸ ಇಲ್ಲದ ಅರ್ಜಿಯ ಮೇಲೆ ಸಾಮಾನ್ಯವಾಗಿ ಕ್ರಮವಾಗುವುದಿಲ್ಲ. ಬದಲಿಗೆ ಅದರ ಪ್ರತಿ ಹೇಗೋ ಸಾಹೇಬರ ಮೇಜಿಗೆ ಬರುತ್ತದೆ, ಆಮೇಲೆ ಕೈಬರಹ, ಭಾಷೆ ನೋಡಿ ಊಹೆ ಶುರುವಾಗುತ್ತದೆ, ಏನೂ ಮಾಡದವರು ಸಿಕ್ಕಿಬೀಳುತ್ತಾರೆ. ಮೂರನೆಯದು, ‘ಇನ್ನೊಂದು ವರ್ಷಕ್ಕೆ ಅವರೇ ವರ್ಗವಾಗಿ ಹೋಗುತ್ತಾರೆ’. ಹೋಗಬಹುದು. ಆದರೆ ಅವರು ಕಲಿಸಿದ ಅಭ್ಯಾಸ ಅವರೊಂದಿಗೆ ಹೋಗುವುದಿಲ್ಲ. ಸೌಮ್ಯ ಅಧಿಕಾರಿ ಬಂದ ಮೇಲೂ ‘ಎಲ್ಲ ಸರಿ ಇದೆ ಸರ್’ ಎಂದೇ ಹೇಳುವ ವಾರ್ಡುಗಳಿವೆ.

ನಾಲ್ಕನೆಯದು ನಿಮ್ಮ ಭಯಕ್ಕೆ ನೇರವಾಗಿ ಸಂಬಂಧಿಸಿದ್ದು: ‘ಸಾಹೇಬರು ನನ್ನನ್ನು ಎಲ್ಲಿಗೆ ಬೇಕಾದರೂ ಹಾಕಬಲ್ಲರು’. ಇದು ಅರ್ಧ ಸತ್ಯ. ಆರೋಗ್ಯ ಇಲಾಖೆಯ ವೈದ್ಯರು ಮತ್ತು ಇತರ ಸಿಬ್ಬಂದಿಯ ವರ್ಗಾವಣೆಗೆಂದೇ 2011ರ ಕಾಯ್ದೆಯಿದೆ, ಸ್ಥಳ ಆರಿಸಿಕೊಳ್ಳುವ ಕೌನ್ಸೆಲಿಂಗ್ ಇದೆ. ಆಡಳಿತ ವೈದ್ಯಾಧಿಕಾರಿಯೊಬ್ಬರ ಸಿಟ್ಟಿನಿಂದ ನಿಮ್ಮ ವರ್ಗಾವಣೆ ಆಗುವುದಿಲ್ಲ. ಅವರ ಕೈಯಲ್ಲಿ ನಿಜವಾಗಿ ಇರುವುದು ಪಾಳಿ ಪಟ್ಟಿ, ರಜೆ, ಮೆಮೋ, ವಾರ್ಷಿಕ ಕಾರ್ಯನಿರ್ವಹಣಾ ವರದಿ, ಮತ್ತು ಮೇಲಿನವರಿಗೆ ಶಿಫಾರಸು ಮಾಡಿಸಿ ತರುವ ತಾತ್ಕಾಲಿಕ ನಿಯೋಜನೆ. ಸಕಲೇಶಪುರ ತಾಲೂಕಿನ ಹೆತ್ತೂರು, ಯಸಳೂರಿನ ಕಡೆ ಮಳೆಗಾಲದಲ್ಲಿ ನಿಯೋಜನೆ ಎಂದರೆ ಏನು ಎಂಬುದು ನನಗೆ ಗೊತ್ತು. ಸಂಜೆಯ ಬಸ್ಸು ತಪ್ಪಿದರೆ ದಾರಿಯಿಲ್ಲ, ದಾರಿಯಲ್ಲಿ ಆನೆಯ ಭಯ, ಮನೆಯಲ್ಲಿ ಚಿಕ್ಕ ಮಕ್ಕಳು. ಅಲ್ಲಿನ ಜನರಿಗೂ ಶುಶ್ರೂಷಕಿಯರು ಬೇಕು, ಆದರೆ ಅದನ್ನು ಶಿಕ್ಷೆಯಾಗಿ ಬಳಸುವುದು ಅಲ್ಲಿನ ಜನರಿಗೂ ಅವಮಾನ. ನಿಯೋಜನೆ ಬಂದರೂ ಅದು ಲಿಖಿತ ಆದೇಶವಾಗಿರಬೇಕು. ನೀವು ಲಿಖಿತವಾಗಿ ದೂರಿದ ಹದಿನೈದೇ ದಿನಕ್ಕೆ ಆ ಆದೇಶ ಹೊರಟಿದ್ದರೆ ಆ ದಿನಾಂಕವೇ ನಿಮ್ಮ ಪರ ಸಾಕ್ಷಿ ಹೇಳುತ್ತದೆ. ಮೇಲಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು, ಕಾಯಂ ನೌಕರರಾದ ನಿಮಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯೂ ಇದೆ. ವಕೀಲರ ಖರ್ಚು, ಬೆಂಗಳೂರಿನ ಓಡಾಟ, ತಿಂಗಳುಗಳ ಕಾಯುವಿಕೆ ಇದ್ದೇ ಇರುತ್ತದೆ.

ಇಂಥ ಅಧಿಕಾರಿ ಹುಟ್ಟುವುದು ಹೇಗೆ ಎಂಬುದನ್ನೂ ಹೇಳಬೇಕು. ಕ್ಷಮಿಸುವುದಕ್ಕಲ್ಲ, ಎಲ್ಲಿ ಮಾತು ತಾಗುತ್ತದೆ ಎಂಬುದು ತಿಳಿಯಲಿ ಎಂದು. ತಿಂಗಳ ಪ್ರಗತಿ ಪರಿಶೀಲನಾ ಸಭೆಯಲ್ಲಿ ಇಡೀ ಜಿಲ್ಲೆಯ ವೈದ್ಯಾಧಿಕಾರಿಗಳ ಎದುರು ಅವರನ್ನು ಎಬ್ಬಿಸಿ ನಿಲ್ಲಿಸಿ ಅಂಕಿಅಂಶ ಕೇಳುತ್ತಾರೆ. ಹೆರಿಗೆ ತಜ್ಞರ ಹುದ್ದೆ ಖಾಲಿ ಇದೆ, ಒಬ್ಬರೇ ವೈದ್ಯರು ಹಗಲು ಹೊರರೋಗಿಗಳನ್ನೂ ನೋಡಿ ರಾತ್ರಿಯ ಕರೆಗೂ ಓಡುತ್ತಾರೆ ಎಂದರೆ ‘ನೆಪ ಹೇಳಬೇಡಿ’ ಎಂಬ ಉತ್ತರ ಬರುತ್ತದೆ. ಅಲ್ಲಿ ನುಂಗಿದ ಅವಮಾನವನ್ನು ಇಲ್ಲಿ ವಾರ್ಡಿನಲ್ಲಿ ಉಗುಳುತ್ತಾರೆ. ನೀವು ನಿಮ್ಮ ಕಿರಿಯರ ಮೇಲೆ, ಕಿರಿಯರು ಆಯಾ ಮೇಲೆ, ಆಯಾ ಹೆರಿಗೆ ನೋವಿನಲ್ಲಿ ಕಿರುಚುವ ಹೆಣ್ಣುಮಗಳ ಮೇಲೆ. ಕೊನೆಯವಳಿಗೆ ಬೈಯಲು ಯಾರೂ ಉಳಿದಿರುವುದಿಲ್ಲ. ಇದರ ಮೇಲೆ ಗುತ್ತಿಗೆಯ ಕತ್ತಿ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಸಿಬ್ಬಂದಿಯ ಗುತ್ತಿಗೆ ಆರ್ಥಿಕ ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಕೆಲಸ ತೃಪ್ತಿಕರ ಎಂದು ಬರೆಯಬೇಕಾದವರು ಅದೇ ಸಾಹೇಬರು. ಸಣ್ಣ ಊರಿನಲ್ಲಿ ಕ್ವಾರ್ಟರ್ಸೂ ಅಕ್ಕಪಕ್ಕ, ಮಕ್ಕಳ ಶಾಲೆಯೂ ಒಂದೇ. ಕೆಲಸ ಮುಗಿಸಿ ಮನೆಗೆ ಹೋದರೂ ಸಾಹೇಬರ ನೆರಳು ತಪ್ಪುವುದಿಲ್ಲ.

ಇದರಿಂದ ನಿಮ್ಮ ಕೈಗೆ ಒಂದು ಮುಖ್ಯ ವಾದ ಸಿಗುತ್ತದೆ. ಒಂದರಿಂದ ಮೂರು ಗಂಟೆಯವರೆಗೆ ವೈದ್ಯರು ಎಲ್ಲಿದ್ದರು? ಇನ್ನೊಂದು ತುರ್ತು ಕೇಸಿನಲ್ಲಿದ್ದರೇ, ಮೂವತ್ತಾರು ಗಂಟೆ ದುಡಿದು ಮಲಗಿದ್ದರೇ, ಅಥವಾ ಊರಿನಲ್ಲೇ ಇರಲಿಲ್ಲವೇ? ಮೂರಕ್ಕೂ ಪರಿಹಾರ ಬೇರೆ ಬೇರೆ. ಆ ಎರಡು ಗಂಟೆಯನ್ನು ಅಳಿಸಿದರೆ ಪ್ರಶ್ನೆಯೇ ಅಳಿಸಿಹೋಗುತ್ತದೆ. ಇನ್ನೊಬ್ಬ ವೈದ್ಯರನ್ನು ಕೊಡಿ ಎಂದು ಕೇಳಲು ಸಾಹೇಬರಿಗಿದ್ದ ಅತ್ಯಂತ ಬಲವಾದ ಆಧಾರ ಆ ಎರಡು ಗಂಟೆ, ಅದನ್ನು ಅವರೇ ಅಳಿಸಿದ್ದಾರೆ. ಹೆರಿಗೆಯ ಪ್ರಗತಿ ಗುರುತಿಸುವ ಪಾರ್ಟೋಗ್ರಾಫ್ ನಕ್ಷೆಯಲ್ಲಿ ಎಚ್ಚರಿಕೆಯ ಗೆರೆಗೂ ಕ್ರಮ ಕೈಗೊಳ್ಳುವ ಗೆರೆಗೂ ನಡುವೆ ಇರುವುದು ನಾಲ್ಕೇ ಗಂಟೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದರಲ್ಲಿ ಅರ್ಧವನ್ನು ಕಾಗದದ ಮೇಲೆ ಇಲ್ಲವಾಗಿಸಿದರೆ ಮುಂದಿನ ಹೆಣ್ಣುಮಗಳಿಗೂ ಅದೇ ರಾತ್ರಿ ಕಾದಿರುತ್ತದೆ.

ಹಾಗಾಗಿ ನನ್ನ ಮೊದಲ ಸಲಹೆ, ದೂರಿನಿಂದ ಆರಂಭಿಸಬೇಡಿ, ರೋಗಿಯಿಂದ ಆರಂಭಿಸಿ. ಹೆರಿಗೆ ಕೋಣೆಯ ಗುಣಮಟ್ಟಕ್ಕಾಗಿ 2017ರಲ್ಲಿ ಬಂದ ‘ಲಕ್ಷ್ಯ’ ಕಾರ್ಯಕ್ರಮದಲ್ಲಿ ಹೆರಿಗೆ ಕೋಣೆಗೊಂದು ಗುಣಮಟ್ಟ ತಂಡ ಇರಬೇಕೆಂದಿದೆ. ನಿಮ್ಮಲ್ಲಿ ಅದು ಕಾಗದದ ಮೇಲೆ ಮಾತ್ರ ಇರಬಹುದು. ಇದ್ದರೂ ಸಾಕು, ಆ ಹೆಸರಿನಲ್ಲಿ ಬರೆಯಬಹುದು. ಹೀಗೆ: ‘ಮಾನ್ಯರೇ, ಕಳೆದ ತಿಂಗಳು ನಮ್ಮ ಹೆರಿಗೆ ಕೋಣೆಯಿಂದ ನವಜಾತ ಶಿಶುವೊಂದನ್ನು ಉಸಿರಾಟದ ತೊಂದರೆಯಿಂದಾಗಿ ಜಿಲ್ಲಾ ಕೇಂದ್ರಕ್ಕೆ ಕಳುಹಿಸಬೇಕಾಯಿತು. ರಾತ್ರಿ ಪಾಳಿಯಲ್ಲಿ ವೈದ್ಯರಿಗೆ ಕರೆ ಹೋಗುವುದರಿಂದ ಅವರು ಬರುವವರೆಗಿನ ಅವಧಿ, ಬದಲಿ ವೈದ್ಯರ ವ್ಯವಸ್ಥೆ, ಮೊದಲೇ ಕಳುಹಿಸಬೇಕಾದ ಸಂದರ್ಭಗಳ ಬಗ್ಗೆ ಗುಣಮಟ್ಟ ತಂಡದ ಸಭೆಯಲ್ಲಿ ಪರಿಶೀಲಿಸಬೇಕೆಂದು ಕೋರುತ್ತೇನೆ.’ ಇದರಲ್ಲಿ ಯಾರ ಮೇಲೂ ಆರೋಪವಿಲ್ಲ. ಇದಕ್ಕೆ ಮೆಮೋ ಕೊಡುವುದು ಕಷ್ಟ. ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ.

ಒಬ್ಬರೇ ಬರೆಯಬೇಡಿ. ಹಾಗೆಂದು ಒಂದೇ ಮನವಿಗೆ ಇಪ್ಪತ್ತು ಸಹಿಯೂ ಬೇಡ, ಅದಕ್ಕೆ ತಕ್ಷಣ ‘ಗುಂಪುಗಾರಿಕೆ’ ಎಂಬ ಹಣೆಪಟ್ಟಿ ಬೀಳುತ್ತದೆ, ಮೊದಲ ಸಹಿ ಯಾರದೆಂದು ಹುಡುಕುತ್ತಾರೆ. ಮೂರು ಜನ ಕಾಯಂ ಶುಶ್ರೂಷಾಧಿಕಾರಿಗಳು ಒಂದೇ ವಾರದಲ್ಲಿ, ತಮ್ಮ ತಮ್ಮ ಮಾತಿನಲ್ಲಿ, ತಮ್ಮ ಪಾಳಿಯ ಅನುಭವವನ್ನು ಬೇರೆ ಬೇರೆ ಪತ್ರಗಳಲ್ಲಿ ಬರೆದರೆ ಅದರ ತೂಕವೇ ಬೇರೆ. ಗುತ್ತಿಗೆಯ ಹುಡುಗಿಯನ್ನು ಮಾತ್ರ ಮುಂದೆ ತಳ್ಳಬೇಡಿ. ಕಾಯಂ ಆಗಿರುವ ನಿಮಗಿರುವ ರಕ್ಷಣೆ ಅವಳಿಗಿಲ್ಲ. ಆ ರಾತ್ರಿಯ ವಿಷಯದಲ್ಲಿ ಅವಳು ಈಗಲೂ ಒಂದು ಕೆಲಸ ಮಾಡಬಹುದು: ಇವತ್ತಿನ ದಿನಾಂಕ ಹಾಕಿ, ಕರೆ ಹೋದ ಸಮಯ ಮತ್ತು ವೈದ್ಯರು ಬಂದ ಸಮಯ ತನಗೆ ತಿಳಿದಂತೆ ಇಷ್ಟು, ಹಿಂದಿನ ನಮೂದು ತಪ್ಪಾಗಿದೆ ಎಂದು ‘ತಡವಾದ ನಮೂದು’ ಬರೆಯುವುದು. ಅದರಲ್ಲಿ ಅಪಾಯವಿದೆ, ಮುಚ್ಚಿಡುವುದಿಲ್ಲ. ಹಳೆಯದನ್ನು ಒಪ್ಪಿಕೊಂಡಂತಾಗುತ್ತದೆ. ಆದ್ದರಿಂದ ಅದಕ್ಕೆ ಮೊದಲು ಅವಳು ಸ್ವಂತವಾಗಿ ಒಬ್ಬ ವಕೀಲರ ಸಲಹೆ ಪಡೆಯಲಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಉಚಿತ ಕಾನೂನು ನೆರವಿದೆ. ನಿರ್ಧಾರ ಅವಳದೇ ಆಗಿರಲಿ, ನೀವು ಸಾಕ್ಷಿಯಾಗಿ ನಿಲ್ಲುತ್ತೀರೆಂದು ಮಾತ್ರ ಅವಳಿಗೆ ಗೊತ್ತಿರಲಿ.

ಈಗ ಅವಮಾನದ ವಿಷಯ. ಸಾಹೇಬರ ಬಳಿ ನೇರವಾಗಿ ಮಾತನಾಡುವುದು ಸಾಧ್ಯವೇ ಎಂದು ಒಮ್ಮೆ ಯೋಚಿಸಿ. ಎಲ್ಲ ದರ್ಪಿಷ್ಠರೂ ಒಂದೇ ಅಲ್ಲ. ತನ್ನ ಕೂಗಾಟದಿಂದ ಏನಾಗುತ್ತಿದೆ ಎಂಬುದು ನಿಜವಾಗಿ ಗೊತ್ತಿಲ್ಲದವರೂ ಇದ್ದಾರೆ, ನಾನಿದ್ದೆ. ರೌಂಡ್ಸಿನ ಹೊತ್ತಿನಲ್ಲಲ್ಲ, ಸಭೆಯ ದಿನವಲ್ಲ, ಹಿರಿಯ ಶುಶ್ರೂಷಾಧಿಕಾರಿಯೊಬ್ಬರ ಜೊತೆ ಅವರ ಕೊಠಡಿಗೆ ಹೋಗಿ. ‘ಸರ್, ರೋಗಿಗಳ ಮುಂದೆ ಬೈದರೆ ಅವರಿಗೆ ನಮ್ಮ ಮೇಲೆ ನಂಬಿಕೆ ಹೋಗುತ್ತದೆ, ಹೇಳಿದ ಮಾತು ಕೇಳುವುದಿಲ್ಲ. ತಪ್ಪಿದ್ದರೆ ಇಲ್ಲಿ ಕರೆಸಿ ಹೇಳಿ’ ಎನ್ನಿ. ಒಂದೇ ವಿಷಯ, ಎರಡೇ ನಿಮಿಷ. ಮೃದುವಾದರೆ ಒಳ್ಳೆಯದು. ಇನ್ನಷ್ಟು ಕೆರಳಿದರೆ ನಿಮಗೆ ಒಂದು ವಿಷಯ ಖಚಿತವಾಗುತ್ತದೆ, ಇನ್ನು ಮುಂದೆ ಬಾಯಿಮಾತು ಬೇಡ, ಎಲ್ಲವೂ ಬರಹದಲ್ಲಿ. ಆದರೆ ದಾಖಲೆ ತಿದ್ದಿದ ವಿಷಯವನ್ನು ಈ ಭೇಟಿಯಲ್ಲಿ ಎತ್ತಬೇಡಿ.

ಬಂದ ಪ್ರತಿಯೊಂದು ಮೆಮೋಗೂ ಕೊಟ್ಟ ಗಡುವಿನೊಳಗೆ ಉತ್ತರ ಬರೆಯಿರಿ. ಬಹಳಷ್ಟು ಸಿಬ್ಬಂದಿ ಸಿಟ್ಟಿನಿಂದಲೋ ನಿರಾಶೆಯಿಂದಲೋ ಮೆಮೋ ಹಾಗೇ ಬಿಟ್ಟುಬಿಡುತ್ತಾರೆ, ಉತ್ತರವಿಲ್ಲದ ಮೂರು ಮೆಮೋ ಸೇರಿ ಇಲಾಖಾ ವಿಚಾರಣೆಗೆ ಅಡಿಪಾಯವಾಗುತ್ತವೆ. ತಡವಾಗಿದ್ದರೆ ತಡವಾಗಿದೆ ಎಂದು ಒಪ್ಪಿಕೊಳ್ಳಿ, ಹಿಂದಿನ ಪಾಳಿ ಎಷ್ಟು ಗಂಟೆಗೆ ಮುಗಿಯಿತೆಂದೂ ಬರೆಯಿರಿ. ವಿಶೇಷಣಗಳು ಬೇಡ, ಗಂಟೆ ಮತ್ತು ದಿನಾಂಕ ಸಾಕು. ರಜೆಯನ್ನೂ ಬರಹದಲ್ಲೇ ಕೇಳಿ, ತಿರಸ್ಕರಿಸಿದರೆ ಹಿಂಬರಹ ಕೇಳಿ. ಪಾಳಿ ಪಟ್ಟಿ, ರಜೆಯ ಕಡತದ ಟಿಪ್ಪಣಿಗಳ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಕೇಳಬಹುದು, 30 ದಿನದೊಳಗೆ ಉತ್ತರ ಬರಬೇಕು. ಆರು ತಿಂಗಳ ಇಂಥ ಕಾಗದ ಕೈಯಲ್ಲಿದ್ದಾಗ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಸೂಕ್ತ ಮಾರ್ಗದ ಮೂಲಕ, ಅಂದರೆ ನಿಮ್ಮ ಸಾಹೇಬರ ಮೂಲಕವೇ, ಮನವಿ ಸಲ್ಲಿಸಿ, ಮುಂಗಡ ಪ್ರತಿಯನ್ನು ನೇರವಾಗಿ ಕಳುಹಿಸಿ. ಅಲ್ಲೂ ಕದಲದಿದ್ದರೆ ಬೆಂಗಳೂರಿನ ಆಯುಕ್ತಾಲಯ ಇದೆ.

ಡಿ ಗ್ರೂಪಿನವರನ್ನು ಮನೆಗೆಲಸಕ್ಕೆ ಬಳಸುವುದು, ಹಣ ಕೇಳುವುದು ಇದ್ದರೆ ಅದು ಲೋಕಾಯುಕ್ತದ ವ್ಯಾಪ್ತಿ. ದೂರಿನ ಜೊತೆ ಪ್ರಮಾಣಪತ್ರ ಕೊಡಬೇಕು, ಸುಳ್ಳು ದೂರಿಗೆ ಶಿಕ್ಷೆಯೂ ಇದೆ, ಕೇಳಿದ ಮಾತಿನ ಮೇಲೆ ಹೋಗಬೇಡಿ. ಬೈಗುಳದಲ್ಲಿ ಲೈಂಗಿಕ ಮಾತು, ಸನ್ನೆ ಇದ್ದರೆ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬೇಕು. ದೂರು ಆಸ್ಪತ್ರೆಯ ಮುಖ್ಯಸ್ಥರ ಮೇಲೇ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯ ದಾರಿಯಿದೆ. ಜಾತಿ ಹಿಡಿದು ನಿಂದಿಸಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ. ಇವು ಪ್ರತ್ಯೇಕ ದಾರಿಗಳು, ಇಲ್ಲಿ ಸಾಮಾನ್ಯ ಮನವಿ ಬರೆದು ಕಾಯುತ್ತಾ ಕೂರಬಾರದು.

ಶಾಸಕರ ಮನೆಗೆ ಹೋಗುವ ಸಲಹೆಯನ್ನು ಖಂಡಿತ ಯಾರಾದರೂ ಕೊಡುತ್ತಾರೆ. ಬೇಡ. ಸೇವಾ ವಿಷಯದಲ್ಲಿ ರಾಜಕೀಯ ಒತ್ತಡ ತರುವುದನ್ನು ನಡತೆ ನಿಯಮಗಳು ನಿಷೇಧಿಸುತ್ತವೆ, ಅನುಮತಿಯಿಲ್ಲದೆ ಪತ್ರಿಕೆಗೆ ಹೇಳುವುದನ್ನೂ. ತಪ್ಪನ್ನು ಬಯಲಿಗೆ ತರುವವರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. ಅದು ಜಾರಿಗೆ ಬಾರದೆ ವರ್ಷಗಳಿಂದ ಹಾಗೇ ಉಳಿದಿದೆ. ಅದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಿಮ್ಮಂಥವರಿಗೆ ಕಾನೂನಿನ ಕೊಡೆಯೇ ಇಲ್ಲದ ಮೇಲೆ, ದಿನಾಂಕ ಹಾಕಿದ ಕಾಗದವೇ ನಿಮ್ಮ ಕೊಡೆ.

ಬಿಟ್ಟು ಹೋಗುವುದೂ ಒಂದು ದಾರಿ. ಮುಂದಿನ ಕೌನ್ಸೆಲಿಂಗಿನಲ್ಲಿ ಬೇರೆ ಕಡೆ ಕೇಳಿದರೆ ಅದು ಸೋಲಲ್ಲ, ನಾನೂ ಒಮ್ಮೆ ಹಾಗೆ ಹೋದವನೇ. ಸುಮ್ಮನಿರುವುದೂ ಒಂದು ದಾರಿ. ಅದನ್ನೇ ಆರಿಸಿಕೊಂಡರೂ ಹಿಂದಿನ ಸಮಯ ಹಾಕಿ ಬರೆಯುವುದಿಲ್ಲ ಎಂಬ ಆ ಗೆರೆಯನ್ನು ಮಾತ್ರ ದಾಟಬೇಡಿ. ಯಜಮಾನರಿಗೂ ಅಷ್ಟನ್ನು ಬಿಡಿಸಿ ಹೇಳಿ. ಅವರು ಹೆದರಿರುವುದು ನಿಮ್ಮ ಕೆಲಸ ಹೋದೀತೆಂದು, ತಪ್ಪು ದಾಖಲೆಯಿಂದಲೇ ಕೆಲಸ ಹೋಗುವ ಸಾಧ್ಯತೆ ಹೆಚ್ಚು ಎಂದು ತಿಳಿದರೆ ಅವರ ಮಾತೂ ಬದಲಾದೀತು. ನಿದ್ದೆ ಇನ್ನೂ ಎರಡು ವಾರ ಹೀಗೇ ಇದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಆ ಮಗು. ನಿಮ್ಮ ಪತ್ರದಲ್ಲಿ ‘ಬದುಕಿತು’ ಎಂಬ ಒಂದೇ ಪದವಿದೆ. ಹುಟ್ಟಿದಾಗ ಅಳದ ಮಗುವಿಗೆ ಮುಂದಿನ ಎರಡು ವರ್ಷ ಬೆಳವಣಿಗೆಯ ತಪಾಸಣೆ ಬೇಕು. ಕತ್ತು ನಿಲ್ಲುವುದು, ಕೂರುವುದು, ನೋಟ, ಕಿವಿ. ಆ ಕೇಸ್ ಶೀಟನ್ನು ಓದುವ ಮಕ್ಕಳ ವೈದ್ಯರಿಗೆ ಹೆರಿಗೆ ಎಷ್ಟು ಹೊತ್ತು ಎಳೆದಿತ್ತು, ವೈದ್ಯರು ಯಾವಾಗ ನೋಡಿದರು ಎಂಬುದು ತಪ್ಪಾಗಿ ತಿಳಿದರೆ ಅವರು ಹುಡುಕಬೇಕಾದ್ದನ್ನು ಹುಡುಕದೆ ಬಿಡಬಹುದು. ಈ ವಾರವೇ ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. ನವಜಾತ ಶಿಶುವಿನ ಮನೆಭೇಟಿಗಳನ್ನು 42ನೆಯ ದಿನದವರೆಗೂ ತಪ್ಪಿಸದಂತೆ ಹೇಳಿ, ಹಾಸನದ ಆಸ್ಪತ್ರೆಯ ಬಿಡುಗಡೆ ಚೀಟಿ ಮನೆಯಲ್ಲಿದೆಯೇ, ಮರುತಪಾಸಣೆಯ ದಿನಾಂಕ ಬರೆದಿದ್ದಾರೆಯೇ ನೋಡಲು ಹೇಳಿ. ತಿಂಗಳುಗಳು ಕಳೆದ ಮೇಲೂ ಕತ್ತು ನಿಲ್ಲದಿದ್ದರೆ, ನೋಟ ಕೂಡದಿದ್ದರೆ, ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕೆಂದು ತಿಳಿಸಿ. ಹುಟ್ಟಿದ ಕೂಡಲೇ ಮಗು ಅಳಲಿಲ್ಲ ಎಂಬುದನ್ನು ಪ್ರತಿ ವೈದ್ಯರಿಗೂ ಬಾಯಿಬಿಟ್ಟು ಹೇಳಬೇಕೆಂದು ಆ ತಾಯಿಗೆ ನೀವೇ ಹೇಳಿ. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ.